ಕೆಲಸದಲ್ಲಿ ಸತ್ತವರ ಮನೆಗೆ ಸಲ್ಲಬೇಕಾದ ಹಣ: ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ, ಅದೇ ಪಟ್ಟಣದ ಒಂದು ಮಗ್ಗದ ಮನೆ, ದೇವನಹಳ್ಳಿ ಪಕ್ಕದ ಬಡಾವಣೆಯಲ್ಲಿ ಏಳುತ್ತಿರುವ ಒಂದು ಕಟ್ಟಡ, ಹೊಸಕೋಟೆಯ ಗೋದಾಮಿನಿಂದ ಹೊರಟ ಒಂದು ಲಾರಿ. ಈ ನಾಲ್ಕು ಕಡೆ 30 ವರ್ಷದ ನಾಲ್ವರು ಒಂದೇ ದಿನ ಕೆಲಸ ಮಾಡುತ್ತಲೇ ಸತ್ತರೆಂದು ಇಟ್ಟುಕೊಳ್ಳೋಣ. ನಾಲ್ವರಿಗೂ ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು. ಸಂಪಾದನೆಯೂ ಹೆಚ್ಚುಕಡಿಮೆ ಒಂದೇ. ಆದರೆ ಈ ನಾಲ್ಕು ಮನೆಗಳಿಗೆ ಬರುವ ಹಣ ಒಂದೇ ಅಲ್ಲ. ಒಂದು ಮನೆಗೆ ತಿಂಗಳು ತಿಂಗಳೂ ಬರಬಹುದು, ಇನ್ನೊಂದಕ್ಕೆ ಇಡಿಗಂಟಾಗಿ, ಮತ್ತೊಂದಕ್ಕೆ ವರ್ಷಗಟ್ಟಲೆ ಕೋರ್ಟಿಗೆ ಅಲೆದ ಮೇಲೆ. ಏನೂ ಬಾರದೆಯೂ ಹೋಗಬಹುದು. ಮನೆಗೆ ಆದ ನಷ್ಟ ಎಷ್ಟು ಎಂಬುದಕ್ಕಿಂತ, ಸತ್ತವನ ಹೆಸರು ಯಾವ ದಾಖಲೆಯಲ್ಲಿತ್ತು, ಸತ್ತ ಮರುದಿನ ಪೊಲೀಸ್ ಠಾಣೆಯಲ್ಲಿ ಏನು ಬರೆದುಕೊಂಡರು ಎಂಬುದೇ ಇದನ್ನು ತೀರ್ಮಾನಿಸುತ್ತದೆ ಎಂಬುದು ಈ ಟಿಪ್ಪಣಿಯ ವಾದ.

ಹಳೆಯ ಬೆಂಗಳೂರು ಜಿಲ್ಲೆಯಿಂದ ಗ್ರಾಮಾಂತರ ಜಿಲ್ಲೆ ಬೇರೆಯಾದದ್ದು 1986ರಲ್ಲಿ. 2007ರಲ್ಲಿ ರಾಮನಗರ ಜಿಲ್ಲೆಯಾದ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕು ಉಳಿದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದದ್ದು ಈ ಸೀಮೆಯ ಕೆಲಸದ ಸ್ವರೂಪವನ್ನೇ ಬದಲಿಸಿತು. ರಾಗಿ ಹೊಲ, ದ್ರಾಕ್ಷಿ ತೋಟಗಳ ಪಕ್ಕದಲ್ಲಿ ಗೋದಾಮು, ಸಿದ್ಧ ಉಡುಪಿನ ಕಾರ್ಖಾನೆ, ಕಲ್ಲು ಕ್ರಷರ್, ಅಪಾರ್ಟ್‌ಮೆಂಟು ಎದ್ದವು. 2025ರ ಜುಲೈನಲ್ಲಿ ನಂದಿ ಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಈ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ಗ್ರಾಮಾಂತರ ಎಂಬ ಮಾತಿಗೂ ಇಲ್ಲಿನ ದುಡಿಮೆಗೂ ಈಗ ಸಂಬಂಧ ಅಷ್ಟಕ್ಕಷ್ಟೇ.

ಕೆಲಸದ ಸಾವಿಗೆ ಮಾಲೀಕ ಹಣ ಕೊಡಬೇಕೆಂಬ ನಿಯಮ ಜರ್ಮನಿಯಲ್ಲಿ 1884ರಲ್ಲಿ, ಬ್ರಿಟನ್ನಿನಲ್ಲಿ 1897ರಲ್ಲಿ ಕಾನೂನಾಯಿತು. ಭಾರತದಲ್ಲಿ ಅದು 1923ರ ಕಾಯ್ದೆಯಾಗಿ ಬಂದು 1924ರ ಜುಲೈ 1ರಿಂದ ಜಾರಿಯಾಯಿತು. 2009ರ ತಿದ್ದುಪಡಿಯ ನಂತರ ಅದಕ್ಕೆ ನೌಕರರ ಪರಿಹಾರ ಕಾಯ್ದೆ ಎಂದು ಹೆಸರಾಯಿತು. 2025ರ ನವೆಂಬರ್ 21ರಂದು ಹೊಸ ಸಂಹಿತೆ ಬರುವವರೆಗೆ ಅದೇ ಜಾರಿಯಲ್ಲಿತ್ತು, ಇಲ್ಲಿನ ಕಲಮು, ಲೆಕ್ಕಗಳು ಅದರವೇ. ಈ ಕಾಯ್ದೆಯ ಅಡಿಪಾಯವನ್ನು ಜನ ಸರಿಯಾಗಿ ತಿಳಿದುಕೊಂಡಿಲ್ಲ. ಇಲ್ಲಿ ಮಾಲೀಕನ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ. ಕೆಲಸದಿಂದಾಗಿ, ಕೆಲಸದ ಅವಧಿಯಲ್ಲಿ ಅಪಘಾತವಾಯಿತು ಎಂದು ತೋರಿಸಿದರೆ ಸಾಕು. ಅಷ್ಟೇ ಅಲ್ಲ, "ಅವನೇ ಕುಡಿದಿದ್ದ", "ಹೆಲ್ಮೆಟ್ ಹಾಕಿಕೋ ಎಂದರೂ ಕೇಳಲಿಲ್ಲ", "ಮೆಷಿನ್ನಿನ ಗಾರ್ಡ್ ತಾನೇ ತೆಗೆದ" ಎಂಬ ಮಾತುಗಳಿಗೆ ಗಾಯದ ಪ್ರಕರಣದಲ್ಲಿ ಬೆಲೆಯುಂಟು, ಸಾವಿನ ಪ್ರಕರಣದಲ್ಲಿ ಇಲ್ಲ. ಮೂರನೆಯ ಕಲಮಿನ ವಿನಾಯಿತಿಗಳು ಸಾವಿಗೆ ಮತ್ತು ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ಅನ್ವಯಿಸುವುದಿಲ್ಲ. ಹೆಣ ಇನ್ನೂ ಶವಾಗಾರದಲ್ಲಿರುವಾಗ ಮನೆಯವರ ಬಾಯಿ ಮುಚ್ಚಿಸಲು ಎತ್ತುವ ಮೊದಲ ಮಾತುಗಳೇ ಇವು. ಆದ್ದರಿಂದ ಈ ಒಂದು ನಿಯಮ ಪ್ರತಿಯೊಂದು ಲೇಬರ್ ಶೆಡ್ಡಿನ ಗೋಡೆಯ ಮೇಲೂ ಇರಬೇಕಿತ್ತು.

ಲೆಕ್ಕ ಹೀಗಿದೆ. ಸತ್ತವನ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಗುಣಕಗಳು ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲಿವೆ: 25 ವರ್ಷಕ್ಕೆ 216.91, 30ಕ್ಕೆ 207.98, 40ಕ್ಕೆ 184.17, 50ಕ್ಕೆ 153.09. ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವ ಮಿತಿ 15,000 ರೂಪಾಯಿ. 2010ರಿಂದ 8,000 ಇದ್ದ ಈ ಮಿತಿಯನ್ನು ಕೇಂದ್ರ ಸರ್ಕಾರ ಏರಿಸಿದ್ದು 2020ರ ಜನವರಿಯಲ್ಲಿ. ಹಾಗಾಗಿ ನಮ್ಮ 30 ವರ್ಷದವನಿಗೆ 7,500ನ್ನು 207.98ರಿಂದ ಗುಣಿಸಿದರೆ 15,59,850 ರೂಪಾಯಿ. 50 ವರ್ಷದವನಾಗಿದ್ದರೆ 11,48,175. ಅಂತ್ಯಕ್ರಿಯೆಯ ಖರ್ಚಿಗೆ ಬೇರೆ 5,000. ಅಪಘಾತವಾಗಿ ಒಂದು ತಿಂಗಳೊಳಗೆ ಕಟ್ಟದಿದ್ದರೆ ಶೇ 12ರ ಬಡ್ಡಿ ಕೂಡುತ್ತದೆ. ವಿಳಂಬಕ್ಕೆ ಸಕಾರಣವಿಲ್ಲದಿದ್ದರೆ ಮೊತ್ತದ ಅರ್ಧದವರೆಗೂ ದಂಡ ಹಾಕಬಹುದು. ಹಣ ಸಲ್ಲಬೇಕಾದದ್ದು ಅಪಘಾತದ ದಿನದಿಂದಲೇ ಹೊರತು ತೀರ್ಪಿನ ದಿನದಿಂದಲ್ಲ ಎಂದು ಪ್ರತಾಪ್ ನಾರಾಯಣ ಸಿಂಗ್ ದೇವ್ ಪ್ರಕರಣದಲ್ಲಿ (1976) ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ತೀರ್ಪಿಗೆ ಮೂರು ವರ್ಷ ಹಿಡಿದರೆ ಮೇಲಿನ ಮೊತ್ತಕ್ಕೆ ಬಡ್ಡಿಯೇ 5,61,546 ಆಗುತ್ತದೆ.

ಕಾಗದದ ಮೇಲೆ ಇದು ಸಣ್ಣ ಮೊತ್ತವಲ್ಲ. ಆದರೆ ಸಂಬಳ 15,000 ಇತ್ತೆಂದು ತೋರಿಸಬೇಕು. ಮೇಸ್ತ್ರಿಯ ಕೈಯಿಂದ ವಾರಕ್ಕೊಮ್ಮೆ ಬಟವಾಡೆ ಪಡೆಯುವವನ ಸಂಬಳಕ್ಕೆ ಮೇಸ್ತ್ರಿಯ ಜೇಬಿನ ಪುಸ್ತಕ ಬಿಟ್ಟರೆ ಪುರಾವೆ ಇರುವುದಿಲ್ಲ. ಸಂಬಳ 9,000 ಎಂದು ಮಾಲೀಕ ಹೇಳಿ ಅದೇ ನಿಂತರೆ 15,59,850 ಇದ್ದದ್ದು 9,35,910ಕ್ಕೆ ಇಳಿಯುತ್ತದೆ. ಒಂದು ಚೀಟಿ ಇಲ್ಲದ್ದಕ್ಕೆ ಆರು ಲಕ್ಷಕ್ಕೂ ಹೆಚ್ಚು ಖೋತಾ.

ಕಾರ್ಖಾನೆಯಲ್ಲಿ ಸತ್ತವನ ದಾರಿ ಬೇರೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಾರ್ಖಾನೆಯಲ್ಲಿ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರು ನೌಕರರ ರಾಜ್ಯ ವಿಮೆಯ, ಅಂದರೆ ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಕೆಲಸದ ಅಪಘಾತದಲ್ಲಿ ಸತ್ತರೆ ಸರಾಸರಿ ಸಂಬಳದ ಶೇ 90ರಷ್ಟು ಅವಲಂಬಿತರಿಗೆ ತಿಂಗಳು ತಿಂಗಳೂ ಸಲ್ಲುತ್ತದೆ. ಹೆಂಡತಿಗೆ ಐದರಲ್ಲಿ ಮೂರು ಪಾಲು, ಪ್ರತಿ ಮಗುವಿಗೆ ಐದರಲ್ಲಿ ಎರಡು ಪಾಲು. ಒಟ್ಟು ಮಿತಿ ಮೀರಿದರೆ ಎಲ್ಲರದೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. 18,000 ಸಂಬಳದವನ ಮನೆಗೆ ತಿಂಗಳಿಗೆ ಸುಮಾರು 16,200: ಹೆಂಡತಿಗೆ 6,943, ಇಬ್ಬರು ಮಕ್ಕಳಿಗೆ ತಲಾ 4,629ರ ಆಸುಪಾಸು. ಗಂಡುಮಕ್ಕಳಿಗೆ 25 ವರ್ಷದವರೆಗೆ, ಹೆಣ್ಣುಮಕ್ಕಳಿಗೆ ಮದುವೆಯವರೆಗೆ, ಹೆಂಡತಿಗೆ ಬದುಕಿರುವವರೆಗೆ. ಆಕೆ ಮರುಮದುವೆಯಾದರೆ ಮಾತ್ರ ಅವಳ ಪಾಲು ನಿಲ್ಲುತ್ತದೆ. ಇಪ್ಪತ್ತೈದರ ಹರೆಯದಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ಈ ಷರತ್ತು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಗಂಡನ ದುಡಿಮೆಯ ಮೇಲೆ ಕಟ್ಟಿದ ವಂತಿಗೆಗೂ ಅವಳ ಮುಂದಿನ ಬಾಳಿಗೂ ಗಂಟು ಹಾಕುವುದು ಸರಿಯಲ್ಲ.

ಇಡಿಗಂಟೇ ದೊಡ್ಡದೆಂದು ಮೇಲುನೋಟಕ್ಕೆ ಕಾಣುತ್ತದೆ. 15,59,850ನ್ನು ಶೇ 7ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ತಿಂಗಳಿಗೆ ಸುಮಾರು 9,100 ಬರುತ್ತದೆ. ಇಎಸ್‌ಐ ಕೊಡುವ 16,200ರ ಎದುರು ಅದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಹಾಗಾಗಿ ಇಎಸ್‌ಐ ಕಾರ್ಡಿದ್ದವನ ಮನೆ ಉಳಿದವರಿಗಿಂತ ಗಟ್ಟಿ. ಆದರೆ 22,000 ಸಂಬಳಕ್ಕೆ ಏರಿದವನು ಇಎಸ್‌ಐನಿಂದ ಹೊರಗೆ ಬೀಳುತ್ತಾನೆ, 1923ರ ಕಾಯ್ದೆಯ ಲೆಕ್ಕದಲ್ಲಿ ಅವನ ಸಂಬಳ 15,000 ಎಂದೇ ಎಣಿಕೆಯಾಗುತ್ತದೆ. ಬಡ್ತಿ ಸಿಕ್ಕಿದ ಕಾರಣಕ್ಕೇ ಅವನ ಮನೆಗೆ ಬರುವುದು ಕಡಿಮೆಯಾಗುತ್ತದೆ. ಪಿಎಫ್ ಇದ್ದವರಿಗೆ ಇವೆರಡರ ಜೊತೆಗೆ ಇನ್ನೊಂದು ಬಾಕಿಯೂ ಉಂಟು: ಪಿಎಫ್‌ಗೆ ಅಂಟಿಕೊಂಡ ವಿಮೆಯಿಂದ ಗರಿಷ್ಠ 7 ಲಕ್ಷ, ಮತ್ತು ವಿಧವಾ ಪಿಂಚಣಿ. ಇವಕ್ಕೆ ಸಾವು ಕೆಲಸದಿಂದಲೇ ಆಗಿರಬೇಕೆಂಬ ಷರತ್ತಿಲ್ಲ.

ಈಗ ಈ ವಿಷಯದ ತಿರುಳಿಗೆ ಬರುತ್ತೇನೆ. ಕಟ್ಟಡದಿಂದ ಬಿದ್ದು, ಕರೆಂಟ್ ಹೊಡೆದು, ಮಣ್ಣು ಕುಸಿದು ಯಾರಾದರೂ ಸತ್ತಾಗ ಮೊದಲು ನಡೆಯುವುದು ರಾಜಿ. ಠಾಣೆಯ ಆವರಣದಲ್ಲೋ ಆಸ್ಪತ್ರೆಯ ಹಿಂಬದಿಯಲ್ಲೋ ಗುತ್ತಿಗೆದಾರ, ಊರಿನ ಇಬ್ಬರು ಹಿರಿಯರು, ಸತ್ತವನ ಅಣ್ಣನೋ ಮಾವನೋ ನಿಂತು ಮಾತಾಡುತ್ತಾರೆ. ಆಂಬುಲೆನ್ಸ್ ಬಾಡಿಗೆ, ಮಣ್ಣಿನ ಖರ್ಚು, ಕೈಗೆ ಒಂದಿಷ್ಟು ಲಕ್ಷ. ಬಾಂಡ್ ಪೇಪರಿನ ಮೇಲೆ "ಇನ್ನು ಮುಂದೆ ಯಾವುದೇ ತಕರಾರು ಇರುವುದಿಲ್ಲ" ಎಂದು ಬರೆದು ಹೆಂಡತಿಯ ಹೆಬ್ಬೆಟ್ಟು ಅಥವಾ ಸಹಿ. ಹಣ ಎಣಿಸಿಕೊಳ್ಳುವುದು ಗಂಡಸರು. ಅವಳಿಗೆ ಅದರಲ್ಲಿ ಎಷ್ಟು ಸಿಕ್ಕಿತೆಂದು ಕೇಳುವವರು ಯಾರೂ ಇರುವುದಿಲ್ಲ.

ಈ ಕಾಗದಕ್ಕೆ ಕಾನೂನಿನಲ್ಲಿ ಬೆಲೆಯೇ ಇಲ್ಲ. 1923ರ ಕಾಯ್ದೆಯ ಎಂಟನೆಯ ಕಲಮು ಹೇಳುವುದು ಖಚಿತವಾಗಿದೆ: ಸಾವಿನ ಪ್ರಕರಣದಲ್ಲಿ ಪರಿಹಾರವನ್ನು ಆ ಕಾಯ್ದೆಯ ಅರ್ಜಿಗಳನ್ನು ವಿಚಾರಿಸುವ ಆಯುಕ್ತರಲ್ಲಿ ಠೇವಣಿ ಇಡಬೇಕು, ಮಾಲೀಕ ನೇರವಾಗಿ ಮನೆಯವರ ಕೈಗೆ ಕೊಟ್ಟದ್ದು ಪರಿಹಾರವೆಂದು ಎಣಿಕೆಯಾಗುವುದಿಲ್ಲ. ಮುಂಗಡವಾಗಿ ಮೂರು ತಿಂಗಳ ಸಂಬಳದಷ್ಟು ಕೊಟ್ಟಿದ್ದರೆ ಅಷ್ಟನ್ನು ಮಾತ್ರ ಆಯುಕ್ತರು ಕಳೆಯಬಹುದು. ಹಕ್ಕನ್ನು ಬಿಟ್ಟುಕೊಡುವ ಯಾವ ಕರಾರೂ ಊರ್ಜಿತವಲ್ಲ ಎಂದು ಹದಿನೇಳನೆಯ ಕಲಮು ಹೇಳುತ್ತದೆ. ಒಂಬತ್ತನೆಯ ಕಲಮಿನ ಪ್ರಕಾರ ಈ ಹಣವನ್ನು ಯಾವ ಸಾಲಗಾರನೂ ಜಪ್ತಿ ಮಾಡುವಂತಿಲ್ಲ. ವಿಧವೆಯ ಪಾಲು, ಮಕ್ಕಳ ಪಾಲು ಬೇರೆ ಬೇರೆಯಾಗಿ ನಿರ್ಧಾರವಾಗಿ, ಮಕ್ಕಳದ್ದು ಅವರು ದೊಡ್ಡವರಾಗುವವರೆಗೆ ಬ್ಯಾಂಕಿನಲ್ಲಿ ಉಳಿಯಲೆಂಬುದೇ ಠೇವಣಿಯ ಉದ್ದೇಶ. ಮಾವ, ಮೈದುನ, ಬಡ್ಡಿ ಲೇವಾದೇವಿಯವ, ಗುತ್ತಿಗೆದಾರ ಇವರೆಲ್ಲರ ಕೈಗಿಂತ ಮೊದಲು ಆ ಹೆಂಗಸಿನ ಕೈಗೆ ಹಣ ತಲುಪಬೇಕೆಂದು ನೂರು ವರ್ಷದ ಹಿಂದೆಯೇ ಯೋಚಿಸಿ ಬರೆದ ಕಲಮುಗಳಿವು. ರಾಜಿ ಈ ಮೂರನ್ನೂ ಒಂದೇ ಮಧ್ಯಾಹ್ನದಲ್ಲಿ ಬದಿಗಿಡುತ್ತದೆ.

ರಾಜಿಯಷ್ಟೇ ಹಾನಿ ಮಾಡುವುದು ಅದೇ ದಿನ ತಯಾರಾಗುವ ಸರ್ಕಾರಿ ಕಾಗದ. ಅಸಹಜ ಸಾವೆಂದು ಯುಡಿಆರ್ ದಾಖಲಾಗುತ್ತದೆ, ಶವ ಪಂಚನಾಮೆ ಬರೆಯುತ್ತಾರೆ. ಮೃತನ ಹೆಸರು, ವಯಸ್ಸು, ಜಾತಿ, ವಿಳಾಸದ ಜೊತೆಗೆ ವೃತ್ತಿ ಎಂಬಲ್ಲಿ "ಕೂಲಿ ಕೆಲಸ" ಎಂದಷ್ಟೇ ಬಿದ್ದರೆ ಮುಂದೆ ಎಲ್ಲ ಕಷ್ಟ. ಯಾರ ಹತ್ತಿರ ಕೂಲಿ? ಯಾರ ಕಟ್ಟಡ? ಯಾರ ಗುತ್ತಿಗೆ? ಎರಡು ವರ್ಷದ ನಂತರ ವಿಚಾರಣೆಯಲ್ಲಿ "ಇವನು ನಮ್ಮ ಕೆಲಸದವನೇ ಅಲ್ಲ" ಎಂದು ಎದುರು ವಕೀಲರು ಹೇಳುವಾಗ ವಿಧವೆಯ ಕೈಯಲ್ಲಿರುವ ಮೊದಲ ದಾಖಲೆ ಆ ಒಂದು ಸಾಲು. ಸ್ಥಳ ಮಹಜರಿನಲ್ಲಿ ಕಟ್ಟಡದ ಮಾಲೀಕನ ಹೆಸರು, ಬೋರ್ಡಿನ ಮೇಲಿದ್ದ ಕಂಪನಿಯ ಹೆಸರು, ಜೊತೆಗೆ ಕೆಲಸ ಮಾಡುತ್ತಿದ್ದ ಇಬ್ಬರ ಹೇಳಿಕೆ ಇದ್ದರೆ ಅದೇ ಪ್ರಕರಣ ನಿಲ್ಲುತ್ತದೆ. ಬರೆಯುವ ಕಾನ್‌ಸ್ಟೆಬಲ್‌ಗೆ ನಾಲ್ಕು ಸಾಲು ಹೆಚ್ಚಿಗೆಯ ಕೆಲಸ, ಅಷ್ಟೇ. ಆಮೇಲೆ ಬೇಕಾಗುವ ವಂಶವೃಕ್ಷ, ಬದುಕುಳಿದ ಸದಸ್ಯರ ದೃಢೀಕರಣ ಪತ್ರಗಳನ್ನು ನಾಡಕಚೇರಿಯಿಂದ ಪಡೆಯಬಹುದು. ಈ ಮೊದಲ ಸಾಲನ್ನು ಮಾತ್ರ ಯಾವ ಕಚೇರಿಯೂ ಹಿಂದಿನ ತಾರೀಖಿಗೆ ಬರೆದುಕೊಡುವುದಿಲ್ಲ.

ದೊಡ್ಡಬಳ್ಳಾಪುರದ ಮಗ್ಗದ ಮನೆಗಳ ಪ್ರಶ್ನೆ ಇನ್ನೂ ತೊಡಕಿನದು. ಪಟ್ಟಣದಲ್ಲಿ ಸಾವಿರಾರು ವಿದ್ಯುತ್ ಮಗ್ಗಗಳಿವೆ. ಬಹುಪಾಲು ನಡೆಯುವುದು ಮನೆಯ ಹಿಂಭಾಗದಲ್ಲೋ ಪಕ್ಕದ ಶೆಡ್ಡಿನಲ್ಲೋ, ನಾಲ್ಕು ಆರು ಮಗ್ಗ ಇಟ್ಟುಕೊಂಡವರಿಂದ. ಸೀರೆಗೆ ಇಷ್ಟು ಎಂದು ಕೂಲಿ. ಹತ್ತು ಜನರಿಲ್ಲದ ಕಾರಣ ಇಎಸ್‌ಐ ಇಲ್ಲ. ಆದರೆ 1923ರ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ವಿದ್ಯುತ್ ಬಳಸಿ ಉತ್ಪಾದನೆ ನಡೆಯುವ ಜಾಗದ ಕೆಲಸಗಾರರು ಸೇರಿದ್ದಾರೆ, ಇಷ್ಟು ಜನ ಇರಲೇಬೇಕೆಂಬ ಮಿತಿ ಅಲ್ಲಿಲ್ಲ. ಮಳೆಗಾಲದಲ್ಲಿ ಮೋಟಾರಿನಿಂದ ಕರೆಂಟ್ ಹೊಡೆದು ನೇಕಾರ ಸತ್ತರೆ ಕಾನೂನಿನ ಲೆಕ್ಕದಲ್ಲಿ 15 ಲಕ್ಷ ಕೊಡಬೇಕಾದವನು ಆ ಶೆಡ್ಡಿನ ಯಜಮಾನ. ಅವನೂ ಮಗ್ಗದಲ್ಲಿ ಕೂರುವವನೇ, ನೂಲಿನ ಸಾಲ ತೀರದವನೇ, ಅನೇಕ ವೇಳೆ ಸತ್ತವನ ನೆಂಟನೇ. ಮಗ್ಗಗಳನ್ನೆಲ್ಲ ಮಾರಿದರೂ ಅಷ್ಟು ಹುಟ್ಟುವುದು ಕಷ್ಟ. ಹಾಗಾಗಿ ಇಲ್ಲಿ ಕೇಸು ಹಾಕುವುದೆಂದರೆ ಒಂದು ಮನೆ ಹಾಳಾದದ್ದಕ್ಕೆ ಇನ್ನೊಂದು ಮನೆ ಹಾಳು ಮಾಡಿದಂತೆ ಎಂದು ಕೇರಿಯವರು ಭಾವಿಸುತ್ತಾರೆ. ಅದರಲ್ಲಿ ಹುರುಳಿಲ್ಲವೆಂದು ತಳ್ಳಿಹಾಕಲಾರೆ.

ತೊಡಕು ಕಾಯ್ದೆಯ ರಚನೆಯಲ್ಲೇ ಇದೆ. ಅದು ಮಾಲೀಕನ ಮೇಲೆ ಹೊಣೆ ಹೊರಿಸಿತು, ವಿಮೆಯನ್ನು ಕಡ್ಡಾಯ ಮಾಡಲಿಲ್ಲ. ಲಾರಿಯ ಚಾಲಕ ಸತ್ತರೆ ಪರಿಸ್ಥಿತಿ ಬೇರೆ: ಮೋಟಾರು ವಾಹನ ಕಾಯ್ದೆಯಡಿ ವಾಹನಕ್ಕೆ ವಿಮೆ ಕಡ್ಡಾಯ, ಸಂಬಳದ ಚಾಲಕನ ಸಾವಿನ ಹೊಣೆಯೂ ಆ ಪಾಲಿಸಿಯಲ್ಲಿ ಸೇರಿರುತ್ತದೆ. ಮನೆಯವರು ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬಹುದು ಅಥವಾ ನೌಕರರ ಪರಿಹಾರ ಕೇಳಬಹುದು, ಎರಡನ್ನೂ ಅಲ್ಲ. ಯಾವುದನ್ನು ಆರಿಸಿದರೂ ಕೊಡುವುದು ವಿಮಾ ಕಂಪನಿ. ಹೊಸಕೋಟೆಯ ಲಾರಿಯ ಹಿಂದೆ ಒಂದು ಕಂಪನಿ ನಿಂತಿದೆ, ದೊಡ್ಡಬಳ್ಳಾಪುರದ ಮಗ್ಗದ ಹಿಂದೆ ಯಾರೂ ಇಲ್ಲ. ನೇಕಾರರ ಸಹಕಾರ ಸಂಘಗಳ ಮೂಲಕ, ಸರ್ಕಾರದ ಪಾಲನ್ನೂ ಸೇರಿಸಿ, ಮಗ್ಗಕ್ಕಿಷ್ಟು ಎಂದು ಸಾಮೂಹಿಕ ಪಾಲಿಸಿ ಮಾಡಿಸಿದರೆ ಕೂಲಿ ನೇಕಾರನ ಹೆಂಡತಿಯೂ ಶೆಡ್ಡಿನ ಯಜಮಾನನೂ ಉಳಿಯುತ್ತಾರೆ. ಈ ಜಿಲ್ಲೆಯ ಮಟ್ಟಿಗೆ ನಾನು ಮೊದಲು ಕೇಳುವ ಬದಲಾವಣೆ ಇದು.

ಕಟ್ಟಡ ಕಾರ್ಮಿಕರಿಗೆ ಕಲ್ಯಾಣ ಮಂಡಳಿ ಇದೆ. ಕಟ್ಟಡ ವೆಚ್ಚದ ಶೇ 1ರ ಸೆಸ್‌ನಿಂದ ಅದರ ನಿಧಿ ತುಂಬುತ್ತದೆ. ನೋಂದಾಯಿತ ಕಾರ್ಮಿಕ ಅಪಘಾತದಲ್ಲಿ ಸತ್ತರೆ ಕೊಡಲೆಂದು ಬಹುಕಾಲ ನಿಗದಿಯಾಗಿದ್ದ ನೆರವು 5 ಲಕ್ಷ. ಇದು ಮಂಡಳಿಯ ನೆರವು, ಮಾಲೀಕನ ಹೊಣೆಗೆ ಬದಲಿಯಲ್ಲ. ಇದನ್ನು ತೋರಿಸಿ "ನಿಮಗೆ ಸರ್ಕಾರದಿಂದ ಬಂತಲ್ಲ" ಎಂದು ಬಿಲ್ಡರ್ ಕೈತೊಳೆದುಕೊಳ್ಳಲಾಗದು. 1923ರ ಕಾಯ್ದೆಯ ಹನ್ನೆರಡನೆಯ ಕಲಮಿನ ಪ್ರಕಾರ, ತನ್ನ ವ್ಯವಹಾರದ ಕೆಲಸವನ್ನು ಗುತ್ತಿಗೆ ಕೊಟ್ಟ ಮೂಲ ಮಾಲೀಕನೂ ಹೊಣೆ. ಸ್ವಂತಕ್ಕೆ ಮನೆ ಕಟ್ಟಿಸುವವರು ಈ ಕಲಮಿಗೆ ಬರುವುದಿಲ್ಲ. ಅಲ್ಲಿ ಹೊಣೆ ಮೇಸ್ತ್ರಿಯದು, ಅವನ ಸ್ಥಿತಿ ಮಗ್ಗದ ಯಜಮಾನನಿಗಿಂತ ಮೇಲೇನಲ್ಲ. ಅಂಥ ಕಡೆ ಮಂಡಳಿಯ ಕಾರ್ಡೇ ಗತಿ. ದೊಡ್ಡ ದುರಂತವಾದರೆ ಮುಖ್ಯಮಂತ್ರಿಗಳು ಘೋಷಿಸುವ ಹಣ ಬೇರೆ: 2023ರ ಅಕ್ಟೋಬರ್‌ನಲ್ಲಿ ಪಕ್ಕದ ಆನೇಕಲ್ ತಾಲ್ಲೂಕಿನ ಅತ್ತಿಬೆಲೆ ಪಟಾಕಿ ಗೋದಾಮಿನ ಬೆಂಕಿಯಲ್ಲಿ ಸತ್ತವರ ಮನೆಗಳಿಗೆ ತಲಾ 5 ಲಕ್ಷ ಘೋಷಣೆಯಾಯಿತು. ಒಬ್ಬೊಬ್ಬರಾಗಿ ಸತ್ತವರಿಗೆ ಅಂಥ ಘೋಷಣೆ ಇಲ್ಲ. ಅವರಿಗೆ ಇರುವುದು ಕಾಯ್ದೆ ಮಾತ್ರ.

ಕೆಲಸದ ಅವಧಿ ಎಂದರೆ ಎಲ್ಲಿಂದ ಎಲ್ಲಿಯವರೆಗೆ? ಮುಂಜಾನೆ ಟೆಂಪೊ, ಬಸ್ಸುಗಳಲ್ಲಿ ಹಳ್ಳಿಗಳಿಂದ ಗಾರ್ಮೆಂಟ್ಸ್‌ಗೆ ಬರುವ ಹೆಣ್ಣುಮಕ್ಕಳಿಗೆ ಇದು ಜೀವದ ಪ್ರಶ್ನೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನು ಇಎಸ್‌ಐ ಕಾಯ್ದೆಗೆ 2010ರಲ್ಲಿ ಸೇರಿಸಿದರು. 2025ರ ಜುಲೈ 29ರಂದು ದೈವಶಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೆಲಸಕ್ಕೂ ಅಪಘಾತದ ಸಮಯ ಸ್ಥಳಗಳಿಗೂ ನಂಟು ಕಂಡರೆ, 1923ರ ಕಾಯ್ದೆಯಡಿಯೂ ಆ ದಾರಿ ಕೆಲಸದ ಭಾಗವೇ ಎಂದು ತೀರ್ಪಿತ್ತಿತು. ಆ ಪ್ರಕರಣದಲ್ಲಿ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ ನಸುಕಿನ ಪಾಳಿಗೆ ಹೋಗುವಾಗ ದಾರಿಯಲ್ಲಿ ಸತ್ತಿದ್ದ.

2023ರ ಸೆಪ್ಟೆಂಬರ್‌ನಲ್ಲಿ ಇದೇ ಜಿಲ್ಲೆಯ ದೊಡ್ಡಬೆಳವಂಗಲ ಬಳಿಯ ಕೋಳಿ ಫಾರಂ ಒಂದರ ಶೆಡ್ಡಿನಲ್ಲಿ, ಹೊರರಾಜ್ಯದಿಂದ ಬಂದಿದ್ದ ಒಂದೇ ಕುಟುಂಬದ ನಾಲ್ವರು ಮಲಗಿದ್ದಲ್ಲೇ ಸತ್ತಿದ್ದರು. ಸೊಳ್ಳೆ ಓಡಿಸಲು ಹಾಕಿದ್ದ ಕೆಂಡದ ಹೊಗೆಯಿಂದ ಉಸಿರುಗಟ್ಟಿತೆಂದು ಪತ್ರಿಕೆಗಳಲ್ಲಿ ಬಂತು. ಇಂಥ ಸಾವು ಕೆಲಸದ್ದೇ? ಹಗಲು ರಾತ್ರಿ ಕೋಳಿ ನೋಡಿಕೊಳ್ಳುವವರು ಫಾರಂ ಬಿಟ್ಟು ಬೇರೆ ಕಡೆ ಮಲಗುವಂತಿಲ್ಲ. ಮಲಗುವ ಜಾಗ ಕೊಟ್ಟವನು ಯಜಮಾನ, ಅಲ್ಲಿರಬೇಕಾದದ್ದು ಕೆಲಸದ ಷರತ್ತು. ಇಂಥ ಕಡೆ ಗಂಡಹೆಂಡಿರಿಗೆ ಸೇರಿಸಿ ಒಂದೇ ಸಂಬಳ ಎಣಿಸುವುದೂ ಉಂಟು, ಆಗ ಹೆಂಡತಿ ಕೆಲಸದವಳೇ ಅಲ್ಲವೆಂದು ವಾದಿಸುವುದು ಸುಲಭ. ಕೆಲಸದ ಜಾಗ ಎಂಬುದನ್ನು ಗೋಡೆಗೆ ಸೀಮಿತ ಮಾಡಬಾರದೆಂದು ಸುಪ್ರೀಂ ಕೋರ್ಟು 1958ರಲ್ಲೇ ಒಪ್ಪಿರುವಾಗ, ಶೆಡ್ಡಿನ ನಿದ್ದೆಯನ್ನು ಕೆಲಸದಿಂದ ಬೇರ್ಪಡಿಸುವುದು ನ್ಯಾಯವಲ್ಲ ಎಂಬುದು ನನ್ನ ನಿಲುವು. ದೂರದ ಊರಿನಲ್ಲಿ ಉಳಿದ ತಂದೆತಾಯಿಗೆ ಇನ್ನೊಂದು ಅಡ್ಡಿ: ಹೆಂಡತಿ, ಚಿಕ್ಕ ಮಕ್ಕಳು, ವಿಧವೆ ತಾಯಿ ಇವರು ಅವಲಂಬನೆ ಸಾಬೀತು ಮಾಡಬೇಕಿಲ್ಲ, ಆದರೆ ತಂದೆ ಮಾಡಬೇಕು. ಹೆಂಡತಿಯನ್ನು ಕಳೆದುಕೊಂಡ ಗಂಡನೂ ಮಾಡಬೇಕು. ಒಂದು ಅನುಕೂಲ ಮಾತ್ರ ಇದೆ. ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕಿಲ್ಲ, ಅರ್ಜಿದಾರರು ವಾಸಿಸುವ ಊರಿನಲ್ಲೂ ಹಾಕಬಹುದು. ನೆಲಮಂಗಲದಲ್ಲಿ ಗಂಡನನ್ನು ಕಳೆದುಕೊಂಡ ಸುರಪುರದ ಹೆಂಗಸು ಪ್ರತಿ ವಾಯಿದೆಗೂ ರೈಲು ಹತ್ತಬೇಕಾಗಿಲ್ಲ.

ಮಲಗುಂಡಿ, ಒಳಚರಂಡಿಗಿಳಿದು ಸತ್ತವರಿಗೆ 30 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 20ರಂದು ಹೇಳಿತು. ಅದಕ್ಕೆ ವಯಸ್ಸಿನ ಗುಣಕವಿಲ್ಲ, ಸಂಬಳದ ಚೀಟಿ ಬೇಕಿಲ್ಲ. ಉಳಿದ ಸಾವುಗಳಿಗೂ ಅಂಥದೊಂದು ತಳಮಟ್ಟದ ಮೊತ್ತ ಇರಬೇಕು. 1923ರ ಕಾಯ್ದೆಯಲ್ಲಿದ್ದ ಕನಿಷ್ಠ 1,20,000 ರೂಪಾಯಿ ಮರ್ಯಾದೆಯ ಮೊತ್ತವಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಹಳೆಯ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ, ದಾರಿಯ ಅಪಘಾತವನ್ನೂ ಹೆಸರಿಸಿದೆ. ಅರ್ಧ ಸಂಬಳ ಮತ್ತು ವಯಸ್ಸಿನ ಗುಣಕದ ಸೂತ್ರ ಮಾತ್ರ ಹಾಗೇ ಇದೆ. ಸಂಹಿತೆ ಜಾರಿಯಾಗುವ ಮೊದಲಿನ ಸಾವುಗಳಿಗೆ ಹಳೆಯ ಕಾಯ್ದೆಯೇ ಅಳತೆ.

ಹಳೆಯ ಕಾಯ್ದೆಯ 10ಎ ಕಲಮು, ಯಾವ ಮೂಲದಿಂದಲಾದರೂ ಸಾವಿನ ಸುದ್ದಿ ತಿಳಿದರೆ ಆಯುಕ್ತರೇ ಮಾಲೀಕನಿಗೆ ನೋಟಿಸ್ ಕಳಿಸಿ 30 ದಿನದೊಳಗೆ ವಿವರ ಕೇಳುವ ಅಧಿಕಾರ ಕೊಟ್ಟಿತ್ತು. ಠಾಣೆಗಳು ಪ್ರತಿಯೊಂದು ಕೆಲಸದ ಸಾವಿನ ಪಂಚನಾಮೆಯ ಪ್ರತಿಯನ್ನು ಅದೇ ವಾರ ಕಾರ್ಮಿಕ ಇಲಾಖೆಗೂ ಕೋರ್ಟಿಗೂ ಕಳಿಸಿದರೆ ವಿಧವೆ ಕೇಳುವ ಮೊದಲೇ ನೋಟಿಸ್ ಹೋಗುತ್ತದೆ. ಇದಕ್ಕೆ ಹೊಸ ಕಾನೂನು ಬೇಡ, ಜಿಲ್ಲಾ ಮಟ್ಟದ ಒಂದು ಸುತ್ತೋಲೆ ಸಾಕು.

ಕರ್ನಾಟಕದಲ್ಲಿ ಹಿಂದೆ ಕಾರ್ಮಿಕ ಅಧಿಕಾರಿಗಳ ಮುಂದೆ ಹೋಗುತ್ತಿದ್ದ ಈ ಅರ್ಜಿಗಳು ಈಗ ಆಯುಕ್ತರ ಅಧಿಕಾರವಿರುವ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಬರುತ್ತವೆ. ಹಳೆಯ ಕಾಯ್ದೆಯಡಿ ಅರ್ಜಿಗೆ ಸಾವಿನಿಂದ ಎರಡು ವರ್ಷದ ಅವಧಿ ಇದೆ, ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸುವ ಅವಕಾಶವೂ ಇದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿ ಹೆಂಗಸರಿಗೆ, ಮಕ್ಕಳಿಗೆ ಆದಾಯ ಕೇಳದೆ ಉಚಿತವಾಗಿ ವಕೀಲರನ್ನು ಕೊಡುತ್ತದೆ. ದೂರವಾಣಿ 15100. ನಿಮ್ಮ ಕೇರಿಯಲ್ಲಿ ಯಾರಾದರೂ ಬಾಂಡ್ ಪೇಪರಿಗೆ ಸಹಿ ಹಾಕಿಕೊಟ್ಟು ಸುಮ್ಮನಾಗಿದ್ದರೆ, ಆ ಸಹಿಯಿಂದ ಅವರ ಹಕ್ಕು ಹೋಗಿಲ್ಲವೆಂದು ದಯವಿಟ್ಟು ಹೋಗಿ ಹೇಳಿ.